ಮರೆವಿಗೆ ಯಾವ ಮಾತ್ರೆ ಹೊಣೆ?

"ಡಾಕ್ಟ್ರೇ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸ್ಬಿಟ್ಟೆ. ತಲೆ ಮಂಕಾಗ್ತಿದೆ."

ಮಲ್ಲೇಶ್ವರದ ನನ್ನ ಕ್ಲಿನಿಕ್ಕಿಗೆ ಬಂದ ನಿವೃತ್ತ ಮೇಷ್ಟ್ರು ಕೂರುವ ಮೊದಲೇ ಹೇಳಿದರು. ಎಂಟನೇ ಕ್ರಾಸಿನಲ್ಲಿ ಸ್ಕೂಟರ್ ನಿಲ್ಲಿಸಿ, ಹಣ್ಣು ಕೊಂಡು, ನಡೆದೇ ಮನೆಗೆ ಹೋಗಿದ್ದರಂತೆ. ಸ್ಕೂಟರ್ ನೆನಪಾದದ್ದು ಮರುದಿನ ಬೆಳಿಗ್ಗೆ.

ಅವರ ಅನುಮಾನ ತಲೆಬುಡವಿಲ್ಲದ್ದಲ್ಲ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಲೇಬಲ್ಲಿಗೆ ಮರೆವು, ಗೊಂದಲದ ಮಾತು ಸೇರಿಸಿತು. ಇದು ಅಪರೂಪ, ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ಬಿಟ್ಟರೆ ಹೋಗುತ್ತದೆ ಎಂದೂ ಅಲ್ಲೇ ಬರೆದಿದೆ. ವಾಟ್ಸಾಪಿಗೆ ಬರುವಷ್ಟರಲ್ಲಿ ಆ ಭಾಗ ಉದುರಿಹೋಗಿರುತ್ತದೆ. ಬ್ರಿಟನ್ನಿನಲ್ಲಿ 20,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ ಸಿಮ್ವಾಸ್ಟ್ಯಾಟಿನ್ ನುಂಗಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ, ರಕ್ತದ್ದನ್ನು ನೆಚ್ಚಿಕೊಂಡಿಲ್ಲ.

ಹಾಗಂತ "ಎಲ್ಲಾ ನಿಮ್ಮ ಭ್ರಮೆ" ಎಂದು ಕಳಿಸುವುದು ಸೋಮಾರಿ ವೈದ್ಯರ ಕೆಲಸ. ಮೇಷ್ಟ್ರ ಬಟ್ಟೆಚೀಲವನ್ನು ಮೇಜಿನ ಮೇಲೆ ಸುರಿಸಿದೆ. ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್. ತಳದಲ್ಲಿ ಅರ್ಧ ಖಾಲಿಯಾದ ಆಲ್‌ಪ್ರಜೋಲಮ್ ಸ್ಟ್ರಿಪ್. ಹೆಂಡತಿ ತೀರಿಕೊಂಡಾಗ ನಿದ್ದೆಗೆಂದು ಯಾರೋ ಬರೆದದ್ದು, ಇನ್ನೂ ನಡೆದೇ ಇತ್ತು. ತಲೆ ಮಂಕಾಗಲು ಆ ಪುಟ್ಟ ಮಾತ್ರೆಯೇ ಸಾಕು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ವಿಟಮಿನ್ ಇಳಿದು ಮರೆವು ಬರಬಹುದು, ಇವರೋ ಶುದ್ಧ ಸಸ್ಯಾಹಾರಿ, ಊಟದಲ್ಲೂ ಅದು ಕಡಿಮೆ. ಬಿ12 ಪರೀಕ್ಷೆ ಮಾಡಿಸಿದರೆ 130, 200ರ ಮೇಲಿರಬೇಕಿತ್ತು.

ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆಯನ್ನೂ ನಾನು ಬಿಡುವುದಿಲ್ಲ. ಥೈರಾಯ್ಡ್ ಕುಗ್ಗಿದರೆ ಕೊಲೆಸ್ಟ್ರಾಲ್ ಏರುತ್ತದೆ, ತಲೆಯೂ ಮಂಕಾಗುತ್ತದೆ. ಏರಿದ್ದಕ್ಕೆ ಮಾತ್ರೆ ಕೊಟ್ಟು, ಮಂಕಿಗೆ ಆ ಮಾತ್ರೆಯನ್ನೇ ಬೈಯುತ್ತಾ ಕೂರುತ್ತೇವೆ! ಮೇಷ್ಟ್ರದ್ದು ಸರಿಯಾಗಿತ್ತು.

ನಿಜಕ್ಕೂ ಸ್ಟ್ಯಾಟಿನ್ನಿಂದಲೇ ಆದದ್ದನ್ನೂ ಕಂಡಿದ್ದೇನೆ. ಒಬ್ಬ ಮಹಿಳೆಗೆ ಅಟೋರ್ವಾಸ್ಟ್ಯಾಟಿನ್ ನಿಲ್ಲಿಸಿದಾಗ ಮಂಕು ಹೋಯಿತು, ಶುರು ಮಾಡಿದಾಗ ಮರಳಿತು. ರೋಸುವಾಸ್ಟ್ಯಾಟಿನ್‌ಗೆ ಬದಲಿಸಿದೆ, ಈಗ ಆರಾಮಾಗಿದ್ದಾರೆ. ಆದರೆ ನಿಲ್ಲಿಸಿ ನೋಡುವ ಈ ಆಟ ವೈದ್ಯರ ಕಣ್ಣೆದುರೇ ನಡೆಯಬೇಕು. ಮೇಷ್ಟ್ರ ಎದೆಯಲ್ಲಿ ಸ್ಟೆಂಟ್ ಇದೆ; ಹೇಳದೆ ಕೇಳದೆ ಮಾತ್ರೆ ಬಿಟ್ಟದ್ದಕ್ಕೆ ಚೆನ್ನಾಗಿಯೇ ಬೈದೆ.

ಬಿ12 ಇಂಜೆಕ್ಷನ್ ಕೊಟ್ಟೆವು. ನಿದ್ದೆ ಮಾತ್ರೆಯನ್ನು ದಿಢೀರ್ ನಿಲ್ಲಿಸದೆ ವಾರವಾರ ಇಳಿಸಿದೆವು. ಸ್ಟ್ಯಾಟಿನ್ ಮತ್ತೆ ಶುರು. ಮೂರು ತಿಂಗಳ ಮೇಲೆ ಬಂದಾಗ ಪೇಪರಿನ ಪದಬಂಧ ಪೂರ್ತಿ ತುಂಬಿಸ್ತಿದೀನಿ ಅಂದರು. ಸ್ಕೂಟರ್ ಬಗ್ಗೆ ವಿಚಾರಿಸಿದೆ. ಮಾರಿಬಿಟ್ಟರಂತೆ, ಎಂಟನೇ ಕ್ರಾಸಿನಲ್ಲಿ ಪಾರ್ಕಿಂಗ್ ಸಿಗೋದಿಲ್ಲ ಅಂತ.