ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಾ?

ಪ್ರಶ್ನೆ: ನಮ್ಮತ್ತೆಗೆ 58 ವರ್ಷ. ಎದೆಯಲ್ಲಿ ಒಂದು ಗಂಟು ಸಿಕ್ಕಿದೆ, ನೋವಿಲ್ಲ. ಮಂಡ್ಯದಲ್ಲಿ ಮ್ಯಾಮೊಗ್ರಾಂ ಆಯಿತು. ಈಗ ಸೂಜಿ ಹಾಕಿ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಬೇಕು ಅಂತಾರೆ. ಸೂಜಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಅಂತ ನೆಂಟರೆಲ್ಲ ಬೇಡ ಅನ್ನುತ್ತಿದ್ದಾರೆ. ಮಾಡಿಸಬಹುದಾ?
— ಮದ್ದೂರು ಕಡೆಯ ಒಬ್ಬ ಸೊಸೆ

ಮಾಡಿಸಿ. ಈ ವಾರವೇ ಮಾಡಿಸಿ. ಸೂಜಿಯಿಂದ ಮೈಯೆಲ್ಲ ಹರಡುವುದಿಲ್ಲ.

ನಾನು ಮೈಸೂರಿನಲ್ಲಿ ಸರ್ಜರಿ ಓಪಿಡಿಯ ನರ್ಸ್ ಆಗಿದ್ದು ನಿವೃತ್ತಳಾದವಳು. ಈ ಪ್ರಶ್ನೆಗೆ ಓಪಿಡಿ ಬಾಗಿಲಲ್ಲಿ ಉತ್ತರ ಕೊಟ್ಟಿದ್ದೇನೆ, ಸಿಟಿ ಬಸ್ಸಿನಲ್ಲಿ ಕೊಟ್ಟಿದ್ದೇನೆ, ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಎಣಿಸಿಕೊಳ್ಳುವಾಗ ಕೊಟ್ಟಿದ್ದೇನೆ. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಕೊಟ್ಟೆ, ಪಾಯಸ ಆರಿಹೋಯಿತು. ಈ ಸಲ ಬರೆದೇ ಕೊಡುತ್ತೇನೆ. ನೆಂಟರಿಗೆ ಓದಿ ಹೇಳಿ.

ಈ ಮಾತು ಎಲ್ಲಿ ಹುಟ್ಟುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಯುಗಾದಿ ಹೊತ್ತಿಗೆ ಸ್ನಾನ ಮಾಡುವಾಗ ಗಂಟು ಕೈಗೆ ಸಿಗುತ್ತದೆ. ನೋವಿಲ್ಲವಲ್ಲ, ಇರಲಿ. ಕಬ್ಬು ಕಡಿದಾಗಲಿ, ಮಗಳ ಬಾಣಂತನ ಮುಗಿಯಲಿ. ದಸರಾ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡು, ಕಂಕುಳಲ್ಲೂ ಒಂದು ಗಂಟು ಎದ್ದಿರುತ್ತದೆ. ಆಗ ಆಸ್ಪತ್ರೆ, ಆಗ ಸೂಜಿ. ಸ್ಕ್ಯಾನ್ ಮಾಡಿದರೆ ಮೂಳೆಗೆ ಹೋಗಿದೆ. ಊರಿನವರು ಲೆಕ್ಕ ಹಿಡಿಯುವುದು ಸೂಜಿ ಚುಚ್ಚಿದ ದಿನದಿಂದ. ಹಿಂದಿನ ಆರು ತಿಂಗಳು ಯಾರ ಲೆಕ್ಕಕ್ಕೂ ಇಲ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ.

ಕಡಲೆಕಾಳಿನ ಗಾತ್ರದ ಗಡ್ಡೆಯಲ್ಲೇ ಕೋಟಿಗಟ್ಟಲೆ ಜೀವಕೋಶಗಳಿರುತ್ತವೆ. ಅಷ್ಟಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿದಿರುತ್ತವೆ. ಅದು ಕ್ಯಾನ್ಸರೇ ಆಗಿದ್ದರೆ, ಊರು ಬಿಡಲು ಅದಕ್ಕೆ ನಮ್ಮ ಸೂಜಿ ಬೇಕಿಲ್ಲ. ರಕ್ತನಾಳ ಇದೆ, ಕಂಕುಳ ಕಡೆಗೆ ಹೋಗುವ ದುಗ್ಧರಸದ ನಾಳಗಳಿವೆ. ಸೂಜಿ ಹೋದ ದಾರಿಯಲ್ಲಿ ಒಂದಷ್ಟು ಜೀವಕೋಶ ಜರುಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಆ ದಾರಿಯಲ್ಲಿ ಕ್ಯಾನ್ಸರ್ ಮತ್ತೆ ಬೆಳೆಯುವುದು ತೀರಾ ಅಪರೂಪ. ವೃಷಣದ ಗಡ್ಡೆಗೆ ಸಾಮಾನ್ಯವಾಗಿ ಡಾಕ್ಟರೇ ಸೂಜಿ ಹಾಕುವುದಿಲ್ಲ. ಎಲ್ಲಿ ಚುಚ್ಚಬಾರದು ಅಂತ ಅವರಿಗೆ ಗೊತ್ತು, ಎದೆ ಆ ಪಟ್ಟಿಯಲ್ಲಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಸೂಜಿಗೆ ಹೆದರಿದವರು ಕತ್ತಿಗೆ ಹೆದರುವುದಿಲ್ಲ! 'ಪರೀಕ್ಷೆ ಗಿರೀಕ್ಷೆ ಬೇಡ, ಗಂಟನ್ನೇ ತೆಗೆದುಬಿಡಿ' ಅಂತ ಎಲ್ಲೋ ಗಂಟಷ್ಟನ್ನೇ ಕೀಳಿಸಿಕೊಂಡು ಬರುತ್ತಾರೆ. ಕಿತ್ತದ್ದನ್ನು ಲ್ಯಾಬಿಗೂ ಕಳಿಸಿರುವುದಿಲ್ಲ. ಕೆಲವು ತಿಂಗಳಿಗೆ ಅದೇ ಹೊಲಿಗೆ ಜಾಗದಲ್ಲಿ ಮತ್ತೆ ಗಂಟು. ಕ್ಯಾನ್ಸರ್ ಆಗಿದ್ದರೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ತೆಗೆಯಬೇಕು, ಕಂಕುಳನ್ನೂ ನೋಡಬೇಕು. ಕೆಲವರಿಗೆ ಆಪರೇಷನ್‌ಗಿಂತ ಮೊದಲು ಕೀಮೋ ಕೊಡಬೇಕು. ಯಾವುದು ಮೊದಲು, ಯಾವ ಔಷಧಿ ಅಂತ ಹೇಳುವುದು ಸೂಜಿಯಲ್ಲಿ ಬಂದ ಶ್ಯಾವಿಗೆ ಎಳೆಯಂಥ ಚೂರು. ಯಾವ ಔಷಧಿಗೆ ಈ ಕ್ಯಾನ್ಸರ್ ಬಗ್ಗುತ್ತದೆ ಅಂತ ತಿಳಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಗಳೂ ಅದರಲ್ಲೇ ಆಗುತ್ತವೆ.

ಅಂದಹಾಗೆ, ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಮುಟ್ಟು ನಿಂತ ಮೇಲೆ ಹೊಸದಾಗಿ ಬಂದ ಗಂಟನ್ನು ಸುಮ್ನೆ ಬಿಡುವ ಹಾಗಿಲ್ಲ. ನೋವಿಲ್ಲ ಅನ್ನುವುದು ಸಮಾಧಾನದ ಮಾತೂ ಅಲ್ಲ. ಶುರುವಿನಲ್ಲಿ ಎದೆ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ.

ಇನ್ನು ನೀವು ಕೇಳದ ಪ್ರಶ್ನೆ. ಅತ್ತೆಗೆ ಬಂದರೆ ತನಗೂ ಬರುತ್ತದೇನೋ ಅಂತ ಸೊಸೆಯರು ಒಳಗೊಳಗೇ ಹೆದರುತ್ತಾರೆ. ಮಗ ಹೊರಗೆ ಬೈಕಿಗೆ ಒರಗಿಕೊಂಡು ಫೋನ್ ನೋಡುತ್ತಿರುತ್ತಾನೆ. ಪೂರ್ತಿ ಉಲ್ಟಾ! ಇದು ಅಂಟುರೋಗವಲ್ಲ. ನಿಮಗೂ ಅತ್ತೆಗೂ ರಕ್ತಸಂಬಂಧವಿಲ್ಲ. (ಸೋದರತ್ತೆಯ ಮಗನನ್ನೇ ಮದುವೆಯಾಗಿದ್ದರೆ ಮಾತು ಬೇರೆ, ನಮ್ಮ ಕಡೆ ಅದು ಇದ್ದದ್ದೇ.) ಮನೆತನದಲ್ಲಿ ಇಳಿದು ಬರುವ ಎದೆ ಕ್ಯಾನ್ಸರ್ ನೂರಕ್ಕೆ 5ರಿಂದ 10 ಅಷ್ಟೇ. ಆದರೆ ಬಿಆರ್‌ಸಿಎಯಂಥ ಜೀನಿನ ದೋಷ ಇದ್ದರೆ ಅದು ಅತ್ತೆಯಿಂದ ಮಗನಿಗೆ, ಮಗನಿಂದ ನಿಮ್ಮ ಮಗಳಿಗೆ ಇಳಿಯಬಹುದು. 'ತಾಯಿ ಕಡೆ ಯಾರಿಗೂ ಇಲ್ಲ ಸಿಸ್ಟರ್' ಅಂತ ಬರೆಸುವವರು ತಂದೆಯ ತಾಯಿಯನ್ನು, ತಂದೆಯ ಅಕ್ಕತಂಗಿಯರನ್ನು ಮರೆತೇಬಿಡುತ್ತಾರೆ.

ನಿಮಗೂ 30 ದಾಟಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65ರವರೆಗೆ 5 ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಇದೆ. ಬರೀ ಕೈಯಲ್ಲಿ ಮುಟ್ಟಿ ನೋಡಿದರೆ ಏನು ಗೊತ್ತಾಗುತ್ತದೆ ಅಂತ ಮೂಗು ಮುರಿಯಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ಶುರು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಕೈಯಲ್ಲೇ ಪರೀಕ್ಷೆ. ಆ ಗುಂಪಿನಲ್ಲಿ ರೋಗ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಎದೆ ಕ್ಯಾನ್ಸರಿನ ಸಾವು ಶೇ. 30ರಷ್ಟು ಕಡಿಮೆಯಾಯಿತು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ.

ಅತ್ತೆಯವರನ್ನು ಕಳಿಸುವಾಗ ಮುಂದೆ ಗುಂಡಿಯಿರುವ ರವಿಕೆ ಹಾಕಿಸಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಬೇರೆ ಏನೂ ಹೇಳಿಲ್ಲದಿದ್ದರೆ ಉಪವಾಸ ಬೇಡ, ಇಡ್ಲಿ ತಿಂದೇ ಹೋಗಲಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕುತ್ತಾರೆ. ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅನ್ನುತ್ತದೆ, ಬೆಚ್ಚಿಬೀಳಬಾರದು ಅಂತ ಹೇಳಿರಿ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ರಿಪೋರ್ಟ್ ತರುವ ದಿನ ಮಾತ್ರ ನಿಮ್ಮ ಯಜಮಾನರು ಬೈಕ್ ನಿಲ್ಲಿಸಿ ಒಳಗೆ ಬರಲಿ.