ಗೋ ಕಂಪೈಲರ್‌ಗೆ ರ‍್ಯಾಪರ್: ನನ್ನನ್ನು ಸತಾಯಿಸಿದ '-ವಿ=ಫುಲ್'

ಗೋ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರನ್ನು (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಮುಟ್ಟದೆ ಬಿಲ್ಡ್ ನಡುವೆ ನಮ್ಮ ಕೆಲಸ ತೂರಿಸಲು 'ಗೋ ಬಿಲ್ಡ್' ಜೊತೆ '-ಟೂಲ್‌ಎಕ್ಸೆಕ್' ಆಯ್ಕೆ ಇದೆ. ಅದಕ್ಕೆ ನಮ್ಮ ಪ್ರೋಗ್ರಾಂ ಹೆಸರು ಕೊಟ್ಟರೆ ಸಾಕು. ಕಂಪೈಲ್, ಎಎಸ್‌ಎಂ, ಲಿಂಕ್ ಹೀಗೆ ಬಿಲ್ಡ್‌ಗೆ ಬೇಕಾದ ಟೂಲುಗಳಲ್ಲಿ ಯಾವುದನ್ನೇ ಓಡಿಸುವಾಗಲೂ ಗೋ ಮೊದಲು ನಮ್ಮನ್ನು ಕರೆದು, ಟೂಲಿನ ಪಾತ್ ಮತ್ತು ಆರ್ಗ್ಯುಮೆಂಟುಗಳನ್ನು ಕೈಗೆ ಕೊಡುತ್ತದೆ. ನಾವು ಅಸಲಿ ಟೂಲ್ ಓಡಿಸಿ, ಅದರ ಎಕ್ಸಿಟ್ ಕೋಡನ್ನು (ಕೆಲಸ ಆಯಿತೋ ಕೆಟ್ಟಿತೋ ಹೇಳುವ ಅಂಕೆ) ಹಾಗೇ ವಾಪಸ್ ಕೊಡಬೇಕು.

ನನ್ನ ರ‍್ಯಾಪರ್ (ಹೀಗೆ ನಡುವೆ ನಿಲ್ಲುವ ನನ್ನ ಪ್ರೋಗ್ರಾಂ) ಮಾಡುವುದು ಇಷ್ಟೇ: ನನ್ನದೊಂದು ಪ್ಯಾಕೇಜ್ ಕಂಪೈಲ್ ಆಗುವಾಗ ಆರ್ಗ್ಯುಮೆಂಟುಗಳ ಕೊನೆಗೆ ಇನ್ನೊಂದು ಗೋ ಫೈಲ್ ಸೇರಿಸುವುದು. ಯಾವ ಪ್ಯಾಕೇಜ್ ಅನ್ನುವುದು 'ಟೂಲ್‌ಎಕ್ಸೆಕ್_ಇಂಪೋರ್ಟ್‌ಪಾತ್' ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇರುತ್ತದೆ. ಇದನ್ನು ನೋಡಲೇಬೇಕು. ಗೋ 1.20ರಿಂದ ಸ್ಟ್ಯಾಂಡರ್ಡ್ ಲೈಬ್ರರಿ ಮೊದಲೇ ಕಂಪೈಲ್ ಆದ ಸಿದ್ಧ ಆರ್ಕೈವ್ ಆಗಿ ಬರುವುದಿಲ್ಲ, ಅದೂ ನಮ್ಮ ಮುಂದೆಯೇ ಹಾದುಹೋಗುತ್ತದೆ.

ಈಗ ಎರಡು ಸಂಜೆ ತಿಂದ ವಿಷಯ.

ರ‍್ಯಾಪರ್ ಓಡುತ್ತಿದೆಯಾ ನೋಡೋಣ ಅಂತ ಸುಮ್ನೆ 'ಬಂದೆ' ಅಂತ ಪ್ರಿಂಟ್ ಹಾಕಿದೆ. ಬಿಲ್ಡ್ ಅಲ್ಲೇ ಬಿತ್ತು. ಯಾಕೆ ಅಂದ್ರೆ, ಗೋ ಕಂಪೈಲ್ ಶುರು ಮಾಡುವ ಮೊದಲು ಟೂಲನ್ನು '-ವಿ=ಫುಲ್' ಅಂತ ಕರೆದು 'ನೀನು ಯಾರು?' ಅಂತ ವಿಚಾರಿಸುತ್ತದೆ. ಉತ್ತರ 'ಕಂಪೈಲ್ ವರ್ಷನ್ ಗೋ1.22.1' ಥರ ಇರಬೇಕು. ಮೊದಲ ಪದ 'ಬಂದೆ' ಆದರೆ ಅದು ಒಪ್ಪುವುದಿಲ್ಲ. ಪ್ರಿಂಟನ್ನು ಎರರ್ ಸಂದೇಶಗಳಿಗೆಂದೇ ಇರುವ ಬೇರೆ ದಾರಿ, ಅಂದರೆ ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿದೆ, ಸರಿಹೋಯಿತು.

ಆಮೇಲೆ ಇನ್ನೂ ದೊಡ್ಡ ಪೇಚು. ಸೇರಿಸುವ ಫೈಲನ್ನು ತಿದ್ದಿದರೂ ಹಳೇ ಫಲಿತಾಂಶವೇ ಬರುತ್ತಿತ್ತು. ಜಯನಗರದ ದರ್ಶಿನಿಯಲ್ಲಿ ಬೈಟೂ ಕಾಫಿ ಹಿಡಿದು ನಿಂತಾಗ ಗೆಳೆಯ ಕೇಳಿದ: "ಲೋ, ನಿನ್ನ ರ‍್ಯಾಪರ್ ಅಸಲು ಓಡ್ತಾ ಇದೆಯೇನೋ?" ಓಡುತ್ತಿತ್ತು, ಆದರೆ '-ವಿ=ಫುಲ್' ಪ್ರಶ್ನೆಗೆ ಮಾತ್ರ! ಉಳಿದದ್ದೆಲ್ಲ ಹಿಂದಿನ ಬಿಲ್ಡ್‌ಗಳ ಫಲಿತಾಂಶ ಕೂಡಿಟ್ಟ ಕ್ಯಾಶ್‌ನಿಂದ.

ದರ್ಶಿನಿಯ ಟೋಕನ್ ಥರ ಯೋಚಿಸಿ. ಟೋಕನ್‌ನಲ್ಲಿ ಇಡ್ಲಿ ಅಂತಿದ್ದರೆ ಇಡ್ಲಿಯೇ ಸಿಗುತ್ತದೆ, ಒಳಗೆ ಚಟ್ನಿ ಬದಲಾಗಿದ್ದು ಟೋಕನ್‌ಗೆ ಗೊತ್ತಾಗಲ್ಲ. ಗೋ ಕ್ಯಾಶ್‌ನ ಟೋಕನ್ ತಯಾರಾಗುವುದು ಮುಖ್ಯವಾಗಿ ಮೂಲ ಫೈಲುಗಳು, ಕಂಪೈಲ್ ಆಯ್ಕೆಗಳು, ಮತ್ತು '-ವಿ=ಫುಲ್' ಉತ್ತರದಿಂದ. ನಾನು ಸೇರಿಸುವ ಫೈಲ್ ಇದರಲ್ಲಿ ಎಲ್ಲೂ ಇಲ್ಲ, ಅಲ್ವಾ? ಮೂಲ ಬದಲಾಗಿಲ್ಲ, ಕಂಪೈಲರ್ ಅದೇ, ಹಾಗಾಗಿ ಹಳೇ ತಟ್ಟೆಯೇ ಬಂತು.

'ಗೋ ಬಿಲ್ಡ್'ಗೆ '-ಎ' ಆಯ್ಕೆ ಹಾಕಿದರೆ ಎಲ್ಲವೂ ಮತ್ತೆ ಬಿಲ್ಡ್ ಆಗುತ್ತದೆ. ಆದರೆ ಪ್ರತಿ ಸಲ ಅಷ್ಟು ಕಾಯಲು ನನಗೆ ತಾಳ್ಮೆ ಇಲ್ಲ. ಸರಿಯಾದ ದಾರಿ: '-ವಿ=ಫುಲ್' ಬಂದಾಗ ಅಸಲಿ ಟೂಲಿನ ಸಾಲನ್ನು ತೆಗೆದುಕೊಂಡು, ಅದರ ಕೊನೆಗೆ ನಮ್ಮ ಗುರುತು ಅಂಟಿಸುವುದು. ರಿಲೀಸ್ ಆವೃತ್ತಿಯಲ್ಲಿ ಗೋ ಇಡೀ ಸಾಲನ್ನೇ ಗುರುತಾಗಿ ಬಳಸುತ್ತದೆ. ನಾನು ಮೊದಲು 'ರ‍್ಯಾಪರ್-1' ಅಂತ ಕೈಯಲ್ಲೇ ಬರೆದೆ. 2 ಮಾಡುವುದು ಮರೆತು ಮತ್ತೆ ಅದೇ ಗೋಳು. ಈಗ ರ‍್ಯಾಪರ್ ಮತ್ತು ಸೇರಿಸುವ ಫೈಲ್ ಎರಡರ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ) ಹಾಕುತ್ತೇನೆ.

ಇನ್ನೊಂದು ಮಾತು: ಸೇರಿಸುವ ಫೈಲ್ ಹೊಸ ಪ್ಯಾಕೇಜ್ ಇಂಪೋರ್ಟ್ ಮಾಡಿದರೆ ಕಂಪೈಲರ್‌ಗೆ ಅದು ಸಿಗುವುದಿಲ್ಲ. ಇಂಪೋರ್ಟ್ ಪಟ್ಟಿಯನ್ನು ಗೋ ಮೊದಲೇ ಬರೆದು ಕೊಟ್ಟಿರುತ್ತದೆ. ಸದ್ಯಕ್ಕೆ ಪ್ಯಾಕೇಜಿನಲ್ಲಿ ಈಗಾಗಲೇ ಇರುವ ಇಂಪೋರ್ಟುಗಳಲ್ಲೇ ಸುಧಾರಿಸುತ್ತಿದ್ದೇನೆ.