ಧ್ವಜ ಸಂರಕ್ಷಣೆ: ಹರಿದ ಬಾವುಟವನ್ನು ಹರಿದಂತೆಯೇ ಉಳಿಸುವ ಕೆಲಸ

ಹರಿದ ರಾಷ್ಟ್ರಧ್ವಜವನ್ನು ಏನು ಮಾಡಬೇಕು? ನಮ್ಮ ಧ್ವಜ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ: ಹಾರಿಸಬಾರದು, ಖಾಸಗಿಯಾಗಿ, ಗೌರವದಿಂದ ಪೂರ್ತಿ ನಾಶ ಮಾಡಬೇಕು, ಸುಡುವುದು ಉತ್ತಮ. ಅದರ ಜಾಗಕ್ಕೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಹೊಸ ಖಾದಿ ಧ್ವಜ ಬರಬಹುದು. ಆದರೆ ಕೆಲವು ಬಾವುಟಗಳಿಗೆ ಬದಲಿ ಅನ್ನೋದೇ ಇಲ್ಲ. 1947ರ ಆಗಸ್ಟ್ 15ರಂದು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮೇಲೆ ಹಾರಿದ ರೇಷ್ಮೆಯ ತ್ರಿವರ್ಣ ಧ್ವಜ ಅಂಥದ್ದು. ಈಗ ಅದು ಅದೇ ಕೋಟೆಯ ಮ್ಯೂಸಿಯಂನಲ್ಲಿದೆ. ಇಂಥ ಬಟ್ಟೆಯ ಆಯಸ್ಸನ್ನು ಹೆಚ್ಚಿಸುವುದೇ ಧ್ವಜ ಸಂರಕ್ಷಣೆ. ಸೇನೆಯ ಹಳೆಯ ಪತಾಕೆ, ಚಳವಳಿಯ ಬ್ಯಾನರ್, ಸಮವಸ್ತ್ರ, ಎಲ್ಲಕ್ಕೂ ಇದೇ ವಿದ್ಯೆ.

ಇದು ರಿಪೇರಿಯಲ್ಲ. ತೇಪೆ ಹಾಕಿ, ಬಣ್ಣ ಹಚ್ಚಿ ಹೊಸದರಂತೆ ಮಾಡುವುದಿಲ್ಲ. ಗುಂಡಿನ ತೂತು, ರಕ್ತದ ಕಲೆ, ಗಾಳಿಗೆ ಸೀಳಿದ ಅಂಚು, ಇವೆಲ್ಲ ಆ ಬಟ್ಟೆ ಕಂಡ ದಿನಗಳ ಸಾಕ್ಷಿ. ಅವನ್ನು ಅಳಿಸುವ ಹಕ್ಕು ನಮಗಿಲ್ಲ. ಇನ್ನೊಂದು ನಿಯಮವೂ ಇದೆ: ಇವತ್ತು ಏನೇ ಮಾಡಿದರೂ ನಾಳೆ ಬಟ್ಟೆಗೆ ನೋವಾಗದಂತೆ ಬಿಚ್ಚಿ ತೆಗೆಯಲು ಬರಬೇಕು.

ಆ ನಿಯಮ ಎಷ್ಟು ಮುಖ್ಯ ಅಂತ ಅಮೆರಿಕದ ಒಂದು ಬಾವುಟ ತೋರಿಸಿಕೊಟ್ಟಿದೆ. ಬಾಲ್ಟಿಮೋರ್‌ನ ಮೇರಿ ಪಿಕರ್ಸ್‌ಗಿಲ್ 1813ರಲ್ಲಿ ಹೊಲಿದುಕೊಟ್ಟ ಉಣ್ಣೆಯ ಬಾವುಟ ಅದು. 30 ಅಡಿ ಅಗಲ, 42 ಅಡಿ ಉದ್ದ. 1814ರಲ್ಲಿ ಬ್ರಿಟಿಷರ ಫಿರಂಗಿ ದಾಳಿ ಮುಗಿದ ಬೆಳಗ್ಗೆ ಅಲ್ಲಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿತ್ತು. ಅವರ ರಾಷ್ಟ್ರಗೀತೆ ಹುಟ್ಟಿದ್ದು ಅದನ್ನು ಕಂಡೇ. ಆಮೇಲೆ ಕೋಟೆಯ ಅಧಿಕಾರಿಯ ಮನೆಯವರು ನೆನಪಿಗೆಂದು ಕೇಳಿದವರಿಗೆ ಚೂರು ಚೂರು ಕತ್ತರಿಸಿ ಕೊಟ್ಟರು. ಒಂದು ನಕ್ಷತ್ರವೂ ಹೋಯಿತು. ಈಗ ಉಳಿದಿರುವ ಉದ್ದ 34 ಅಡಿ.

1914ರಲ್ಲಿ ಅಮೇಲಿಯಾ ಫೌಲರ್ ಮತ್ತು ಅವರ ತಂಡ ಇದರ ಹಿಂದೆ ಲಿನನ್ ಬಟ್ಟೆ ಇಟ್ಟು ಸುಮಾರು 17 ಲಕ್ಷ ಹೊಲಿಗೆ ಹಾಕಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ 1998ರಲ್ಲಿ ಶುರುವಾದ ಕೆಲಸದಲ್ಲಿ ಆ ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆಯಬೇಕಾಯಿತು! ಮೇಕಪ್‌ಗೆ ಬಳಸುವಂಥ ಒಣ ಸ್ಪಂಜಿನಿಂದ ಕೊಳೆ ಎತ್ತಿದರು. ಹಿಂದಕ್ಕೆ ತೆಳುವಾದ ಪಾಲಿಯೆಸ್ಟರ್ ಆಸರೆ ಕೊಟ್ಟರು. ಕಳೆದುಹೋದ ಭಾಗವನ್ನು ಮಾತ್ರ ಹೊಸ ಬಟ್ಟೆಯಿಂದ ತುಂಬಲಿಲ್ಲ. ಅದು ಸರಿಯಾದ ತೀರ್ಮಾನ.

ಈಗ ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿ ಅದನ್ನು ನೇತುಹಾಕಿಲ್ಲ. ಮಬ್ಬು ಬೆಳಕಿನ ಕೋಣೆಯಲ್ಲಿ, ಕೇವಲ 10 ಡಿಗ್ರಿ ಇಳಿಜಾರಿನ ಮೇಜಿನ ಮೇಲೆ ಮಲಗಿಸಿದ್ದಾರೆ. ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಬೆಳಕಿನ ಹಾನಿಯಂತೂ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಅದಕ್ಕೇ ಮ್ಯೂಸಿಯಂಗಳು ಹಳೆಯ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡುವುದಿಲ್ಲ.

ಮಡಿಕೆಯೂ ಶತ್ರುವೇ. ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಧಾರೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ, ಅಲ್ವಾ? ಬಾವುಟದ ಕಥೆಯೂ ಅದೇ. ನಿಮ್ಮ ಮನೆಯಲ್ಲಿ ಸ್ವಾತಂತ್ರ್ಯ ಚಳವಳಿಯ ಕಾಲದ ಬಾವುಟವಿದ್ದರೆ ಮಡಿಸಬೇಡಿ. ದಪ್ಪ ಕೊಳವೆಗೆ ಗಂಜಿ ಇಲ್ಲದ, ಒಗೆದ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಸಡಿಲವಾಗಿ ಸುರುಳಿ ಸುತ್ತಿಡಿ. ಲ್ಯಾಮಿನೇಷನ್ ಬೇಡ. ನುಸಿಗುಳಿಗೆ ಬಟ್ಟೆಗೆ ತಾಗುವುದು ಬೇಡ. ಕೊಳೆಯಾಗಿದೆ ಅಂತ ಒಗೆಯಲು ಹೋಗಲೇಬೇಡಿ. ಹಳೆಯ ಕೇಸರಿ, ಹಸಿರು ಒಮ್ಮೆ ನಡುವಿನ ಬಿಳಿಗೆ ಇಳಿದರೆ, ಅದನ್ನು ಬಿಡಿಸುವುದು ನುರಿತವರಿಗೂ ಕಷ್ಟ.